ನೋಟು ನೋಡುವ ದೀಪ

"ಈ ಬಾಟ್ಲಿಗೋಸ್ಕರ ಎಷ್ಟು ಸಲ ಬರ್ತೀರಿ ಮಾರಾಯ್ರೆ? ಇದರಲ್ಲಿ ಚಿನ್ನ ಉಂಟಾ?"

ಜಗಲಿಯಲ್ಲಿ ಕುಳಿತಿದ್ದ ಕುಶಾಲಪ್ಪನನ್ನು ಐಸಮ್ಮ ಹೀಗೆ ಕೇಳುವಾಗ ಸೊಸೆ ನಸೀಬಾ ಪರದೆಯ ಹಿಂದೆ ನಿಂತಿದ್ದಳು. ಗಂಡ ಅಸ್ಕರ್ ತೀರಿಕೊಂಡಿದ್ದ. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಯುವ ತನಕ ಪರಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಅವಳ ಮಾತು ಅತ್ತೆಯ ಕಿವಿಗೆ, ಅತ್ತೆಯ ಬಾಯಿಂದ ಜಗಲಿಗೆ.

ಬೆಳ್ತಂಗಡಿಯ ಕುಶಾಲಪ್ಪ ಯೂನಿವರ್ಸಿಟಿಯಲ್ಲಿ ಅವಳ ಪಕ್ಕದ ಮೇಜಿನಲ್ಲೇ ಸಂಶೋಧನೆ ಮಾಡುವವನು. ಅವನು ಕೇಳುತ್ತಿದ್ದದ್ದು ಅವಳು ತಯಾರಿಸಿದ ಪಾಲಿಮರನ್ನು. ಕರೆಂಟು ಹಾಯಿಸಿದರೆ ಹಸಿರು ಬೆಳಕು ಕೊಡುವ ಪ್ಲಾಸ್ಟಿಕ್ಕು ಅದು. ಅಸ್ಕರ್‌ನ ಅಪಘಾತದ ಸುದ್ದಿ ಬಂದ ದಿನ ಅದರ ಬಾಟ್ಲಿ ಅವಳ ಲ್ಯಾಬ್ ಕೋಟಿನ ಕಿಸೆಯಲ್ಲೇ ತೋಡಾರಿನ ಈ ಮನೆಗೆ ಬಂದಿತ್ತು. ಗಾಳಿ ತಾಗಿ ಕೆಟ್ಟುಹೋದ ಇನ್ನೊಂದು ಬಾಟ್ಲಿಯೂ ಜೊತೆಗಿತ್ತು.

"ಯಾರ ಹೆಸರಲ್ಲಿ ಕೊಂಡುಹೋಗ್ತಾರಂತೆ, ಕೇಳಿ ಮಾಮಿ."

"ಯಾರ ಹೆಸರು ಹಾಕ್ತೀರಿ?"

"ಅವರದ್ದೇ ಅಮ್ಮ. ಮತ್ತೆ ಯಾರದ್ದು?"

ಅಷ್ಟು ಸಲೀಸಾದ ಉತ್ತರವನ್ನು ನಸೀಬಾ ನಂಬಲಿಲ್ಲ. ಅವನು ಮಾಡಿದ ಪಾಲಿಮರು ಒಂದು ಸಲವೂ ಬೆಳಗಿರಲಿಲ್ಲ. ಕೆಟ್ಟ ಬಾಟ್ಲಿಗೇ ಕಪ್ಪು ಕಾಗದ ಸುತ್ತಿ ಅತ್ತೆಯ ಕೈಗಿತ್ತಳು.

ಐಸಮ್ಮನಿಗೂ ಅವನ ಮೇಲೆ ಗುಮಾನಿ. "ನಿಲ್ಲಿ. ನೋಟಿನ ದೀಪಕ್ಕೆ ಹಿಡಿದ್ರೆ ಇದು ಹೊಳೀತದೆ ಅಂತ ಇವಳು ಹೇಳಿದ್ದಳು. ನೋಡುವ." ಮೂಡಬಿದಿರೆಯಲ್ಲಿದ್ದ ಮಗನ ಅಂಗಡಿಯಿಂದ ತಂದಿಟ್ಟಿದ್ದ, ಕಳ್ಳನೋಟು ಹಿಡಿಯುವ ದೀಪವನ್ನು ಜಗಲಿಯಲ್ಲೇ ಹಚ್ಚಿ, ಕಾಗದ ಬಿಚ್ಚಿ ಬಾಟ್ಲಿಯನ್ನು ಅದಕ್ಕೆ ಹಿಡಿದಳು.

ಬಾಟ್ಲಿ ಹೊಳೆಯಲಿಲ್ಲ. ಕುಶಾಲಪ್ಪ ಅದನ್ನು ನೋಡಿದ, ಆಮೇಲೆ ಪರದೆಯನ್ನು ನೋಡಿದ.

"ಹಗಲಿಗೆ ಇದು ಕಾಣುವುದಿಲ್ಲ ಅಮ್ಮ."

ಹಗಲಿಗೂ ಕಾಣುತ್ತದೆಂದು ಅವನಿಗೆ ಗೊತ್ತು. ಅವನಿಗೆ ಗೊತ್ತೆಂದು ಅವಳಿಗೂ ಗೊತ್ತು. ಮತ್ತೇಕೆ ಸುಳ್ಳು? ಇದನ್ನೇ ಗೈಡಿಗೆ ತೋರಿಸಿ ಅವಳ ಕೆಲಸವೇ ಬೊಗಳೆ ಅನ್ನಲಿಕ್ಕೋ?

"ನಾಳೆ ಕಮಿಟಿ ಉಂಟು," ಕುಶಾಲಪ್ಪ ಚಪ್ಪಲಿ ಮೆಟ್ಟುತ್ತಾ ಹೇಳಿದ, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ. "ಸ್ಯಾಂಪಲ್ ಇಡದಿದ್ರೆ ಅವರ ಪಿಎಚ್‌ಡಿ ರಿಜಿಸ್ಟ್ರೇಷನ್ ಹೋಗ್ತದೆ. ಅವರು ಕೊಟ್ಟದ್ದನ್ನೇ ಇಡ್ತೇನೆ."

ಅಂಗಳದಲ್ಲಿ ಸ್ಕೂಟರನ್ನು ಒದೆಯುವ ಸದ್ದು ಕೇಳಿತು. ಅದು ಸ್ಟಾರ್ಟ್ ಆಗಲಿಲ್ಲ. ಮತ್ತೆ ಒದ್ದ.

"ನಿಲ್ಲಲಿಕ್ಕೆ ಹೇಳಿ ಮಾಮಿ."

"ಇನ್ನೆಂಥದು?"

ಪರದೆ ಒಂದು ಗೇಣು ಸರಿಯಿತು. ನಸೀಬಾ ಕೈ ಚಾಚಿ, ಅತ್ತೆ ಆರಿಸಲು ಮರೆತಿದ್ದ ದೀಪದ ಬುಡದಲ್ಲಿ ಕೆಡದ ಬಾಟ್ಲಿಯನ್ನು ಇಟ್ಟಳು.

"ಹಗಲಿಗೆ ಕಾಣುವುದಿಲ್ಲ ಅಂದ್ರಿ?" ಐಸಮ್ಮ ಅಂಗಳದ ಕಡೆ ತಿರುಗಿದಳು. ಅವಳ ಬಿಳಿ ಕುಪ್ಪಸದ ತೋಳಿನ ಮೇಲೆ ಹಸಿರು ಬಿದ್ದಿತ್ತು.

ಕುಶಾಲಪ್ಪ ಮೆಟ್ಟಿಲು ಹತ್ತಿ ಬಂದ. ನಸೀಬಾ ಪರದೆಯ ಅಂಚನ್ನು ಹಿಡಿದೇ ಇದ್ದಳು.