ಇರುವೆ ಓಡಿಸುವ ಸಂಜೆಗಳು

ನಮ್ಮಕ್ಕ ಟೈಲರ್. ಬೀದಿಯವರ ಅಳತೆಯೆಲ್ಲ ಅವಳಿಗೆ ಬಾಯಿಪಾಠ, ತನ್ನ ಮನಸ್ಸಿನ ಮಾತನ್ನು ಬಾಯಿಬಿಟ್ಟು ಹೇಳಲು ಮಾತ್ರ ಬಾರದು. ಪಕ್ಕದ ಮನೆಯ ವಾಚ್ ರಿಪೇರಿಯವರ ಮೇಲೆ ಅವಳಿಗೆ ಮನಸ್ಸಾಗಿ ಬಹಳ ಕಾಲವಾಗಿತ್ತು. ಅವರೋ ಮಹಾ ಮೌನಿ. ಎದುರು ಸಿಕ್ಕರೆ "ಬಿಸಿಲು ಜಾಸ್ತಿ" ಎಂದು ಹೇಳಿ, ಮೋಡ ಕವಿದಿದ್ದರೂ ಲೆಕ್ಕಿಸದೆ ಹೊರಟುಬಿಡುವವರು. ಇವರಿಬ್ಬರನ್ನು ನಂಬಿಕೊಂಡರೆ ನನ್ನ ತಲೆಯೂ ನರೆಯುತ್ತದೆ ಎಂದು ನಾನು ಕೈಚೆಲ್ಲಿ ಕೂತಿದ್ದೆ.

ಅಷ್ಟರಲ್ಲಿ ಅಕ್ಕನ ಗುಲಾಬಿ ಗಿಡಗಳಿಗೆ ಇರುವೆ ಮುತ್ತಿದವು. ಕಾಂಪೌಂಡಿನಾಚೆಯಿಂದ ಮೊದಲ ಸಲ ಅವರ ಪೂರ್ತಿ ಮಾತು ಕೇಳಿಸಿತು.

"ಅದು ಇರುವೇದು ತಪ್ಪಲ್ಲ ಮೇಡಂ. ಮೊಗ್ಗಿನಡಿ ಹಸಿರು ಹೇನು ಕೂತಿದಾವೆ, ಅವು ಬಿಡೋ ಸಿಹಿ ರಸಕ್ಕೆ ಇರುವೆ ಬರ್ತವೆ. ಸೋಪಿನ ನೀರಲ್ಲಿ ತೊಳೆದ್ರೆ ಎರಡೂ ಹೋಗ್ತವೆ. ನಾನೇ ಬರ್ಲಾ?"

ಬಂದರು. ಕೈಯಲ್ಲಿ ಗಡಿಯಾರದ ಧೂಳು ತೆಗೆಯುವ ಪುಟ್ಟ ಬ್ರಶ್, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ. ಅಕ್ಕ ಸೋಪಿನ ನೀರಿನ ಮಗ್ ಹಿಡಿದು ಪಕ್ಕದಲ್ಲೇ ನಿಂತಳು. ಒಂದೊಂದು ಮೊಗ್ಗಿಗೂ ಸ್ನಾನ. ದಿನಾ ಸಂಜೆ ಇದೇ ಸಡಗರ. ಅಕ್ಕ ಹೊಲಿದ ಅಂಗಿಗಳಿಗೆ ತೋಳು ತಿರುಗಾಮುರುಗಾ ಕೂತವು. ನನಗಂತೂ ನಗು ತಡೆಯುವುದೇ ಕೆಲಸವಾಯಿತು.

ಹೇನು ಸತ್ತವು, ಇರುವೆ ಹೋದವು. ಅವರು ಬರುವುದೂ ನಿಂತಿತು. ಅಕ್ಕ ಅನ್ನ ನೀರು ಬಿಟ್ಟು ಕಿಟಕಿಯಲ್ಲೇ ಠಿಕಾಣಿ ಹೂಡಿದಳು.

ಮರುವಾರ ನೋಡಿದರೆ ಇರುವೆಗಳ ದಂಡೇ ವಾಪಸ್! ಹೇನಿನ ಸುಳಿವಿಲ್ಲ, ಆದರೂ ಮೊಗ್ಗು ಕಪ್ಪಗಾಗುವಷ್ಟು ಇರುವೆ. ವಾಚಿನವರು ಬ್ರಶ್ ಹಿಡಿದು ಓಡಿ ಬಂದರು. ಎಷ್ಟು ತೊಳೆದರೂ ಮಾರನೆಯ ದಿನ ಮತ್ತೆ ಹಾಜರು. ಸಕ್ಕರೆ ಡಬ್ಬಿಯ ತಳ ಕಂಡಾಗ ನನಗೆ ವಿಷಯ ಅರ್ಥವಾಯಿತು. ಕೇಳಿದರೆ ಅಕ್ಕ ನನ್ನ ಬಾಯಿ ಮುಚ್ಚಿ, "ಅವರಿಗೆ ಗೊತ್ತಾದ್ರೆ ಇನ್ನು ಈ ಕಡೆ ತಲೆ ಹಾಕಲ್ಲ ಕಣೇ, ನಿನ್ನ ದಮ್ಮಯ್ಯ" ಎಂದಳು.

ಭೂತಗನ್ನಡಿಯ ಮುಂದೆ ಸಕ್ಕರೆ ಎಷ್ಟು ದಿನ ಅಡಗೀತು? ಒಂದು ಸಂಜೆ ಮೊಗ್ಗಿನ ಮೇಲೆ ಬಗ್ಗಿದವರು ಹಾಗೇ ನಿಂತರು.

"ಇದು... ಸಕ್ಕರೆ ಅಲ್ವಾ?"

ಅಕ್ಕ ಮಗ್ ಕೆಳಗಿಟ್ಟಳು. ನಾನು ಏನಾದರೂ ಸುಳ್ಳು ಹೊಸೆಯುವಷ್ಟರಲ್ಲಿ ಅವಳೇ ಹೇಳಿಬಿಟ್ಟಳು. "ನಾನೇ ಹಾಕಿದ್ದು. ಇರುವೆ ಹೋದ್ರೆ ನೀವೂ ಬರಲ್ಲ ಅಂತ."

ಅವರು ಇದ್ದಕ್ಕಿದ್ದಂತೆ "ಅಯ್ಯಯ್ಯೋ!" ಎಂದು ಚೀರಿ, ಎದೆ ಬಡಿದುಕೊಂಡು ಕುಣಿಯತೊಡಗಿದರು. ಅವರ ಅಂಗಿಯ ಜೇಬಿನಿಂದ ಇರುವೆಗಳು ಸಾಲುಗಟ್ಟಿ ಕುತ್ತಿಗೆಗೆ ಏರುತ್ತಿದ್ದವು. ಅಕ್ಕ ಗಾಬರಿಯಿಂದ ಜೇಬಿಗೆ ಕೈ ಹಾಕಿ ಕಾಗದದ ಪೊಟ್ಟಣವೊಂದನ್ನು ಎಳೆದಳು. ಒಳಗೆ ಪುಡಿ ಮಾಡಿದ ಬೆಲ್ಲ.

"ನೀವೂನಾ?" ಎಂದಳು.

"ದಿನಾ ಬೆಳಿಗ್ಗೆ, ನೀವು ಏಳೋಕೆ ಮುಂಚೆ," ಎಂದರು ಅವರು, ಕಿವಿಯವರೆಗೂ ಕೆಂಪಾಗಿ. "ಕಾಂಪೌಂಡ್ ಹಾರಿ."

ನಾನು ನಕ್ಕು ನಕ್ಕು ನೆಲಕ್ಕೆ ಕುಸಿದೆ. ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

"ಗುಟ್ಟೆಲ್ಲ ರಟ್ಟಾಯ್ತಲ್ಲ," ಎಂದರು ವಾಚಿನವರು. "ನಾಳೆ ಏನು ನೆಪ ಹೇಳ್ಕೊಂಡು ಬರ್ಲಿ?"

ಅಕ್ಕ ಅವರ ಕಾಲರಿನ ಮೇಲಿನ ಇರುವೆಗಳನ್ನು ಒಂದೊಂದಾಗಿ ಬಿಡಿಸುತ್ತಾ, ನಾನು ಅಲ್ಲಿರುವುದನ್ನೇ ಮರೆತು, "ನೆಪ ಯಾಕ್ರೀ? ನಾಳೆ ಬಂದ್ರೆ ವಾಪಸ್ ಹೋಗ್ಬೇಡಿ" ಎಂದಳು.