ಮಾಯವಾದ ಪಟ್ಟಿ

ಇಸ್ತ್ರಿ ಅಂಗಡಿಯವನ ಎಡ ಮುಂಗೈ ಸುಟ್ಟು, ಗಾಯದಲ್ಲಿ ಕೀವಾಗಿತ್ತು. ಪಟ್ಟಿ ಕಿತ್ತಾಗಲೆಲ್ಲ ಅವನು ಆಸ್ಪತ್ರೆಯ ಸೂರು ಹಾರಿಹೋಗುವಂತೆ ಕೂಗುತ್ತಿದ್ದ. ಈ ಸಲ ನರ್ಸಮ್ಮ ಔಷಧಿ ತುಂಬಿದ ತೆಳ್ಳನೆಯ ಹೊಸ ಪಟ್ಟಿ ಅಂಟಿಸಿ, ಬಟ್ಟೆ ಸುತ್ತಿ, ಏನೋ ವಿವರಿಸಿದಳು. ಇವನು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದ.

ವಾರ ಕಳೆದು ಬಟ್ಟೆ ಸಡಿಲವಾಯಿತು. ಇಣುಕಿದರೆ ಒಳಗೆ ಪಟ್ಟಿಯೇ ಇಲ್ಲ. ಯಾರದೋ ಅಂಗಿಯ ಮಡಿಕೆಗೆ ಸೇರಿತೇನೋ ಎಂದು ಇಸ್ತ್ರಿಯಾದ ಬಟ್ಟೆಗಳನ್ನೆಲ್ಲ ಬಿಡಿಸಿ ಕೊಡವಿದ. ಸಿಗಲಿಲ್ಲ. ತಲೆ ತಗ್ಗಿಸಿಕೊಂಡು ಆಸ್ಪತ್ರೆಗೆ ಹೋದ.

"ಪಟ್ಟಿ ಕಳೆದುಬಿಟ್ಟೆ ಕಣಮ್ಮ."

"ಕಳೆದಿಲ್ಲಣ್ಣ. ಔಷಧಿ ಬಿಡ್ತಾ ಬಿಡ್ತಾ ಅದೇ ಕರಗಿಹೋಗುತ್ತೆ, ಅವತ್ತೇ ಹೇಳಿದ್ನಲ್ಲ. ನೋಡಿ, ಈಗ ಕೀವೂ ಇಲ್ಲ, ಕೀಳೋದೂ ಇಲ್ಲ."

ಅವನು ಕೈ ನೋಡಿಕೊಂಡು ಹಿಗ್ಗಿದ. ಮರುಕ್ಷಣವೇ ಅಂಗಡಿಯಲ್ಲಿ ತಾನೇ ಕೊಡವಿ ಗುಡ್ಡೆ ಹಾಕಿದ್ದ ಬಟ್ಟೆಗಳು ನೆನಪಾದವು. ಆಗ ಕೂಗಿದ ನೋಡಿ, ಸೂರು ಹಾರಿಹೋಗುವಂತೆ.