ಬಿಳಿ ನೆಲದ ನರಿ

ಆ ಮನೆಯಲ್ಲೊಂದು ಪಿಟೀಲಿತ್ತು. ತಂತಿಯದಲ್ಲ, ಎರಡು ಜಡೆಯದು. ಮೂರನೇ ಕ್ಲಾಸಿನ ಆ ಹುಡುಗಿ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಶುರು ಮಾಡಿದರೆ ನಿದ್ದೆ ಹತ್ತುವವರೆಗೂ ಒಂದೇ ಸಮನೆ ಕುಯ್ಯುತ್ತಿದ್ದಳು. ಇರುವೆ ಆಕಳಿಸುತ್ತದಾ, ಮೀನಿಗೆ ಬಾಯಾರುತ್ತದಾ, ಅಜ್ಜಿಯ ಹಲ್ಲೆಲ್ಲ ಎಲ್ಲಿಗೆ ಹೋದವು? ಪಿಟೀಲು ಅಂತ ಹೆಸರಿಟ್ಟವನು ಅವಳ ಚಿಕ್ಕಪ್ಪ. ಆ ಪಿಟೀಲಿಗೆ ಕಿವಿ ಕೊಡಬೇಕಾದವನೂ ಅವನೇ. ಅಪ್ಪ ಲಾರಿ ಓಡಿಸುವವನು, ಮನೆಯಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಯಾವಾಗ ಯಾವ ಪಾಳಿಯೋ ಹೇಳಲಾಗದು. ಹೀಗಾಗಿ ಸ್ಕೂಲು ಬಿಟ್ಟ ಮೇಲೆ ಹುಡುಗಿಯ ಠಿಕಾಣಿ ಚಿಕ್ಕಪ್ಪನ ಜೆರಾಕ್ಸ್ ಅಂಗಡಿಯಲ್ಲೇ.

ಚಿಕ್ಕಪ್ಪ ಕೆಟ್ಟವನೇನಲ್ಲ. ಆದರೆ ಇಂಕು, ಕಾಗದ ಅಂದರೆ ಮಹಾ ಜುಗ್ಗ. ಒಂದು ಬದಿ ಹಾಳಾದ ಹಾಳೆಯನ್ನು ಎಸೆದ ಜನ್ಮವೇ ಅಲ್ಲ ಅದು. ಹಿಂಬದಿಯಲ್ಲಿ ಟೆಸ್ಟ್ ಪ್ರಿಂಟ್ ತೆಗೆಯುತ್ತಿದ್ದ, ಆಮೇಲೆ ಅದನ್ನೇ ಕಟರಿನಲ್ಲಿಟ್ಟು ನಾಲ್ಕು ತುಂಡು ಮಾಡಿ ಗಿರಾಕಿಗಳಿಗೆ ಚೀಟಿ ಬರೆದುಕೊಡುತ್ತಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಸಲ ಸ್ಕೂಲಿನಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು: ನಮ್ಮ ಸುತ್ತಲಿನ ಕಾಡುಪ್ರಾಣಿ. ಪ್ರತಿ ಮಗುವೂ ಒಂದು ಪ್ರಾಣಿಯನ್ನು ಆರಿಸಿಕೊಂಡು, ನೋಡಿದ್ದನ್ನೋ ದೊಡ್ಡವರಿಂದ ಕೇಳಿದ್ದನ್ನೋ ಬರೆದು, ಚಿತ್ರವನ್ನು ಕೈಯಾರೆ ಬಿಡಿಸಿ ತರಬೇಕು. ಚೆನ್ನಾಗಿದ್ದವನ್ನು ವರಾಂಡದ ಗೋಡೆಗೆ ಹಚ್ಚುತ್ತಾರಂತೆ. ಕೊಡಬೇಕಾದ ದಿನದ ಹಿಂದಿನ ಸಂಜೆ ಅರ್ಧ ಕ್ಲಾಸಿನ ಅಪ್ಪ ಅಮ್ಮಂದಿರು ಜೆರಾಕ್ಸ್ ಅಂಗಡಿಯ ಬಾಗಿಲಲ್ಲೇ ಇದ್ದರು. ಒಬ್ಬರಿಗೆ ಚಿರತೆ ಬೇಕು, ಒಬ್ಬರಿಗೆ ಮೊಲ ಬೇಕು, ಎಲ್ಲರಿಗೂ ಈಗಿಂದೀಗಲೇ ಬೇಕು. ಆ ಗಲಾಟೆಯ ನಡುವೆ ಪಿಟೀಲು ಒಂದು ಹಾಳೆ ಹಿಡಿದುಕೊಂಡು ಬಂದಳು.

"ಚಿಕ್ಕಪ್ಪಾ, ನರಿ ಬರ್ದಿದೀನಿ ನೋಡು."

"ಇದ್ಯಾವ ಸೀಮೆ ನರಿಯೇ? ಬೀದಿ ನಾಯಿ ಇದ್ದಂಗಿದೆ!"

"ನರೀನೇ. ನಮ್ಮ ಹಿತ್ತಲ ಗೋಡೆ ಬಿದ್ದಿದೆಯಲ್ಲ, ಅಲ್ಲಿಂದ ಹೋಗತ್ತೆ. ಬೆಳಗ್ಗೆ ಹಲ್ಲುಜ್ಜುವಾಗ ದಿನಾ ನೋಡ್ತೀನಿ. ಒಂದು ಕಿವಿ ಹರಿದಿದೆ. ಹೋಗ್ತಾ ಹೋಗ್ತಾ ನಿಂತು, ಹಿಂದೆ ತಿರುಗಿ ನನ್ನನ್ನ ನೋಡತ್ತೆ."

ಹಾಳೆಯ ಮೇಲಿದ್ದದ್ದು ಬೂದಿಗೂ ಮಣ್ಣಿಗೂ ನಡುವಿನ ಬಣ್ಣದ ಒಂದು ಬಡಕಲು ಪ್ರಾಣಿ. ಬೆನ್ನ ಮೇಲೆ ಕಪ್ಪು, ಬಾಲದ ತುದಿ ಕಪ್ಪು, ಹಿಂದಕ್ಕೆ ತಿರುಗಿದ ಮುಖ.

"ನರಿ ಅಂದ್ರೆ ಕೆಂಪಗಿರತ್ತೆ ಕಣೇ. ತಡಿ, ತೋರಿಸ್ತೀನಿ," ಎಂದು ಅವನು ಕಂಪ್ಯೂಟರಿನಲ್ಲಿ ನರಿ ಎಂದು ಒತ್ತಿದ. ಪಾಪ, ಆ ಪದವಾದರೂ ಏನು ಮಾಡೀತು? ಹಿತ್ತಲಲ್ಲಿ ಓಡಾಡುವ ಬೂದು ಮೈಯದೂ ನರಿಯೇ, ಯಾವುದೋ ದೂರದ ಚಳಿದೇಶದ ಕೆಂಪು ಮೈಯದೂ ನಮ್ಮ ಬಾಯಲ್ಲಿ ನರಿಯೇ. ಕಂಪ್ಯೂಟರು ಕೆಂಪಗಿನದನ್ನೇ ಸಾಲಾಗಿ ತಂದು ನಿಲ್ಲಿಸಿತು. ಅದರಲ್ಲೂ ನಮ್ಮ ಜುಗ್ಗ ಆರಿಸಿದ್ದು ಹಿಮದ ಮೇಲೆ ನಿಂತ ನರಿಯನ್ನು. ಯಾಕೆ ಗೊತ್ತೇ? ಹಿಂದೆ ಮುಂದೆ ಎಲ್ಲ ಬೆಳ್ಳಗೆ, ಇಂಕು ಉಳಿಯುತ್ತದೆ.

"ಕೈಯಲ್ಲೇ ಬರೀಬೇಕಂತೆ, ಟೀಚರ್ ಹೇಳಿದಾರೆ," ಎಂದು ಪಿಟೀಲು ರಾಗ ತೆಗೆದಳು.

"ಚೆನ್ನಾಗಿರೋದು ಯಾರಿಗೆ ಬೇಡ? ಸುಮ್ನಿರು, ತಲೆ ತಿನ್ಬೇಡ. ಜನ ಕಾಯ್ತಿದಾರೆ."

ಅವಳು ಬರೆದುಕೊಂಡಿದ್ದನ್ನೂ ಅವನೇ ಚೆಂದವಾಗಿ ಟೈಪ್ ಮಾಡಿದ. ಈ ನರಿಯನ್ನು ನಾನು ನಮ್ಮ ಮನೆಯ ಹಿಂದೆ ನೋಡಿದ್ದೇನೆ, ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿದ. ಹರಿದ ಕಿವಿಯ ಸಾಲನ್ನು ಮಾತ್ರ ಅಳಿಸಿದ, ಚಿತ್ರದಲ್ಲಿ ಎರಡು ಕಿವಿಯೂ ನೆಟ್ಟಗಿದ್ದವಲ್ಲ! ಅವಳು ಬಿಡಿಸಿದ ಹಾಳೆ ಒಂದು ಬದಿ ಖಾಲಿ ಇದ್ದ ಹಾಳೆಗಳ ಟ್ರೇ ಸೇರಿತು.

ಮುಂದಿನ ವಾರ ಅಂಗಡಿ ತಣ್ಣಗಿತ್ತು. ಪಿಟೀಲು ಬರುತ್ತಿದ್ದಳು, ಸ್ಟೂಲಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು, ಮಾತಿಲ್ಲ. ಸದ್ಯ, ಬುದ್ಧಿ ಬಂತು ಅಂದುಕೊಂಡ ಚಿಕ್ಕಪ್ಪ. ನಿಜ ಹೇಳಬೇಕೆಂದರೆ ಅವನಿಗೆ ಹಾಯೆನಿಸಿತ್ತು. ಆಮೇಲೆ ಅವನನ್ನು ಹೆಚ್ಚು ಸುಟ್ಟದ್ದು ಇದೇ.

ದಿನಸಿ ಅಂಗಡಿಯಾಕೆಯ ಮಗನೂ ಅದೇ ಕ್ಲಾಸು. ಏನೋ ಜೆರಾಕ್ಸ್ ಮಾಡಿಸಲು ಬಂದವಳು ನಗುತ್ತಲೇ ಶುರು ಮಾಡಿದಳು.

"ನಿಮ್ಮ ಹುಡುಗಿ ಭಾರಿ ಇದಾಳಪ್ಪ! ಹಿಮದಲ್ಲಿರೋ ನರೀನ ಹಿತ್ತಲಲ್ಲಿ ನೋಡ್ದೆ ಅಂದ್ಲಂತೆ. ನಿಮ್ಮ ಹಿತ್ತಲಲ್ಲಿ ಹಿಮ ಯಾವಾಗ ಬಿತ್ತಮ್ಮ ಅಂತ ಟೀಚರ್ ಕೇಳಿದ್ರಂತೆ, ಕ್ಲಾಸೆಲ್ಲ ನಗು. ಚಿತ್ರ ಯಾರು ಕೊಟ್ರು ಅಂದ್ರೆ ತುಟಿ ಪಿಟಕ್ ಅನ್ಲಿಲ್ವಂತೆ. ಈಗ ಮಕ್ಕಳೆಲ್ಲ ಸುಳ್ಳುಬುರುಕಿ, ಐಸ್ ನರಿ ಅಂತಾನೇ ಕರೀತಾವಂತೆ."

ಚಿಕ್ಕಪ್ಪ ಕೈಯಲ್ಲಿದ್ದ ಹಾಳೆಯನ್ನು ಕೆಳಗಿಟ್ಟ. ಸ್ಟೂಲಿನ ಕಡೆ ನೋಡಿದ. ಪಿಟೀಲು ತಲೆ ಬಗ್ಗಿಸಿಕೊಂಡು ಮಗ್ಗಿ ಬರೆಯುತ್ತಿದ್ದಳು. ಇಡೀ ಕ್ಲಾಸು ನಕ್ಕರೂ ಚಿಕ್ಕಪ್ಪ ಕೊಟ್ಟ ಅನ್ನಲಿಲ್ಲ ಹುಡುಗಿ! ಥೂ ನನ್ನ ಜನ್ಮಕ್ಕಿಷ್ಟು, ಎಂದು ಅವನು ತನ್ನನ್ನು ತಾನೇ ಬೈದುಕೊಂಡ. ಕಂಡದ್ದನ್ನು ಕಂಡ ಹಾಗೆ ಬರೆದವಳನ್ನು ಊರಿಗೆಲ್ಲ ಸುಳ್ಳಿ ಮಾಡಿಬಿಟ್ಟೆನಲ್ಲ, ಅದೂ ಒಂದು ತೊಟ್ಟು ಇಂಕಿಗಾಗಿ.

ಅವಳನ್ನು ಮನೆಗೆ ಕಳಿಸಿ ಟ್ರೇ ಜಾಲಾಡಿದ. ಚಿತ್ರವಿರಲಿಲ್ಲ. ಎಲ್ಲಿರುತ್ತದೆ? ಹಿಂಬದಿಯಲ್ಲಿ ಯಾರದೋ ಬಾಡಿಗೆ ಮನೆಯ ಜಾಹೀರಾತನ್ನು ಟೆಸ್ಟ್ ಮಾಡಿ, ಕತ್ತರಿಸಿ ಆಗಿತ್ತು. ಚೀಟಿಯ ಕಟ್ಟನ್ನು ಒಂದೊಂದಾಗಿ ತಿರುವಿ ಹಾಕಿದ. ಮೂರು ತುಂಡು ಯಾವ ಯಾವ ಗಿರಾಕಿಯ ಜೇಬು ಸೇರಿದ್ದವೋ! ಉಳಿದದ್ದು ಒಂದೇ ತುಂಡು: ಹಿಂದಕ್ಕೆ ತಿರುಗಿ ನೋಡುವ ಮುಖ, ಹರಿದ ಕಿವಿ. ಅದನ್ನು ಹಿಡಿದುಕೊಂಡು ಅವನು ಯಂತ್ರದ ಪಕ್ಕದಲ್ಲೇ ಕೂತ, ಗಿರಾಕಿಗಳು ಕರೆದರೂ ಏಳಲಿಲ್ಲ.

ಮರುದಿನ ಅಂಗಡಿಗೆ ಬಾಗಿಲು ಹಾಕಿ ಸ್ಕೂಲಿಗೆ ಹೋದ. ಟೀಚರ್ ಸ್ಟಾಫ್ ರೂಮಿನಲ್ಲಿ ಕಾಪಿ ಪುಸ್ತಕಗಳ ನಡುವೆ ಹುದುಗಿದ್ದರು. ಉಳಿದಿದ್ದ ಆ ಚೀಟಿಯನ್ನು ಅವರ ಮುಂದಿಟ್ಟು ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿದ. ಚಿತ್ರ ತನ್ನದು, ಹಿಮ ತನ್ನದು, ದಪ್ಪ ಅಕ್ಷರವೂ ತನ್ನದು, ಮಗು ಬೇಡ ಬೇಡ ಅಂದರೂ ಕೇಳಲಿಲ್ಲ.

ಟೀಚರ್ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. "ನರಿ ಹೀಗೇ ನೋಡೋದು," ಎಂದರು. ಚೀಟಿಯನ್ನು ವಾಪಸ್ಸು ಕೊಡುತ್ತ, "ನಾನೂ ಎಲ್ರ ಮುಂದೆ ಹಾಗೆ ಕೇಳ್ಬಾರದಿತ್ತು. ನಾಳೆ ಎಲ್ರ ಮುಂದೇನೇ ಸರಿ ಮಾಡ್ತೀನಿ. ಅವಳು ಇನ್ನೊಂದು ಸಲ ಬರ್ಕೊಂಡು ಬರ್ಲಿ, ಗೋಡೆ ಮೇಲೆ ಜಾಗ ಇಟ್ಟಿರ್ತೀನಿ," ಎಂದರು.

ತಲೆಯ ಮೇಲಿನ ಕಲ್ಲು ಇಳಿದಷ್ಟು ಹಗುರವಾಯಿತು ಅವನಿಗೆ. ದಾರಿಯ ಸ್ಟೇಷನರಿ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬಣ್ಣದ ಪೆನ್ಸಿಲ್ ಡಬ್ಬಿ ಕೊಂಡ. ಆ ಜುಗ್ಗ! ಪೆನ್ಸಿಲ್ ಡಬ್ಬಿಯಿಂದ ಎಲ್ಲ ಮೊದಲಿನಂತಾಗುತ್ತದೆ ಅಂದುಕೊಂಡಿದ್ದ ಪೆದ್ದ.

ಸಂಜೆ ಅಡುಗೆಮನೆಯ ನೆಲದ ಮೇಲೆ ಅವಳ ಎದುರಿಗೇ ಕೂತು, "ತಪ್ಪೆಲ್ಲ ನಂದೇ ಕಣೇ, ಟೀಚರ್‌ಗೂ ಹೇಳ್ಬಂದೆ. ನಾಳೆ ಅವ್ರೇ ಎಲ್ರಿಗೂ ಹೇಳ್ತಾರೆ. ನೀನು ನಿನ್ನ ನರೀನ ಬರಿ," ಎಂದ. ಪಿಟೀಲು ಡಬ್ಬಿ ತೆರೆದಳು. ಬೆರಳು ಬಣ್ಣಗಳ ಮೇಲೆಲ್ಲ ಓಡಾಡಿ ಕೆಂಪಿನ ಮೇಲೆ ನಿಂತಿತು.

"ಕೆಂಪು ಯಾಕೇ?"

"ನರಿ ಕೆಂಪಗಿರತ್ತಲ್ಲ."

"ಅಯ್ಯೋ, ನಾನು ತಪ್ಪು ಹೇಳ್ದೆ. ನೀನು ನೋಡಿದ್ಯಲ್ಲ, ಅದನ್ನ ಬರಿ. ಇಲ್ನೋಡು," ಎಂದು ಅವನು ಚೀಟಿಯನ್ನು ಅವಳ ಮುಂದಿಟ್ಟ.

ಅವಳು ಅದನ್ನು ಎತ್ತಿಕೊಂಡು ನೋಡಿದಳು. ಸಿಟ್ಟಿಲ್ಲ, ಅಳುವೂ ಇಲ್ಲ. ಚಿಕ್ಕಪ್ಪನನ್ನೇ ಸಮಾಧಾನ ಮಾಡುವ ಹಾಗೆ ಹೇಳಿದಳು. "ಇದು ನರಿಯಲ್ಲ ಚಿಕ್ಕಪ್ಪ. ಬೀದಿ ನಾಯಿ ಇರ್ಬೇಕು. ನೀನೇ ಹೇಳಿದ್ಯಲ್ಲ."

"ಅಲ್ಲ ಕಣೇ ಪಿಟೀಲು, ನರೀನೇ ಅದು. ಬೆಳಗ್ಗೆ ನಾನೂ ನಿನ್ನ ಜೊತೆ ಹಿತ್ತಲಿಗೆ ಬರ್ತೀನಿ. ಇಬ್ರೂ ನೋಡೋಣ, ಆಯ್ತಾ?"

"ನಾನೀಗ ಹಿತ್ತಲಿಗೆ ಹೋಗಲ್ಲ," ಎಂದಳು ಹುಡುಗಿ, ಕೆಂಪು ಪೆನ್ಸಿಲಿನ ತುದಿ ನೋಡುತ್ತ. "ಬಚ್ಚಲಲ್ಲೇ ಹಲ್ಲುಜ್ತೀನಿ."